ಬೆವರು ಆರುವ ತನಕ

"ಕೈ ತೆಗಿ ತ್ರಯಾನ್! ಪ್ಲಗ್ ಹಾಕಿದ್ಯೋ, ಅವನ ಪಕ್ಕದಲ್ಲೇ ನಿನಗೂ ಜಾಗ ಮಾಡಿಸ್ತೀನಿ."

ತ್ರಯಾನನ ಕೈ ಸಾಕೆಟ್ಟಿನ ಹತ್ತಿರ ಹೋಗಿದ್ದದ್ದು ಅಲ್ಲೇ ನಿಂತಿತು. ಪಕ್ಕದ ಮನೆಯವನು. ಬೆಳಗಿನಿಂದ ಗುಂಡಿ ತೋಡಿ ಈಗಷ್ಟೇ ಬಂದಿದ್ದ; ಬೂಟಿಗೆ ಅಂಟಿದ ಮಣ್ಣಿನ ಹೆಪ್ಪು ಇನ್ನೂ ಕರಗಿರಲಿಲ್ಲ. ಉಪಕಾರ ಮಾಡಲು ಹೋಗಿ ಬೈಸಿಕೊಂಡವನ ಮುಖ ಮಾಡಿಕೊಂಡು, ಪ್ಲಗ್ಗನ್ನು ಸತ್ತ ಇಲಿಯ ಹಾಗೆ ಬಾಲ ಹಿಡಿದು ನೇತಾಡಿಸಿದ.

"ಮಷೀನು ಅಂದ್ಮೇಲೆ ಕರೆಂಟ್ ಕೊಡ್ಬೇಕಲ್ವಾ ಸ್ಮರಾಂದಾ?"

"ಬೆವರ್ತಾ ಇದೆ. ಕಾಣ್ಸಲ್ವಾ ನಿನಗೆ?"

ನಿಜಕ್ಕೂ ಬೆವರುತ್ತಿತ್ತು. ಹಿತ್ತಲ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಟೇಪ್ ಡೆಕ್ಕನ್ನು ಈಗತಾನೇ ಅಡುಗೆಮನೆಗೆ ಹೊತ್ತು ತಂದಿದ್ದರು. ಹಿತ್ತಲ ಕೋಣೆಯಲ್ಲಿ ಬಕೆಟ್ಟಿನ ನೀರು ಕಲ್ಲಾಗಿತ್ತು. ಅಡುಗೆಮನೆಯಲ್ಲಿ ನಿನ್ನೆಯಿಂದ ಒಲೆ ಆರಿರಲಿಲ್ಲ. ಸಾವಿನ ಮನೆಗೆ ಬಂದವರಿಗೆ ಹಂಚಲು ಗೋಧಿ ಬೇಯುತ್ತಿತ್ತು. ಡೆಕ್ಕಿನ ಕಪ್ಪು ತಗಡಿನ ಮೇಲೆ ಸಣ್ಣಸಣ್ಣ ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಮೆಲ್ಲಗೆ ಇಳಿಯುತ್ತಿದ್ದವು. ಈ ಮನೆಯಲ್ಲಿ ಆ ಬೆಳಿಗ್ಗೆ ಎಲ್ಲರೆದುರು ಅತ್ತದ್ದು ಅದೊಂದೇ.

"ಅಷ್ಟೇ ತಾನೇ? ಒರೆಸಿದ್ರಾಯ್ತು," ಎಂದು ಒಲಿಂಪಿಯಾ ಟವೆಲ್ಲು ಎತ್ತಿಕೊಂಡಳು. ಸತ್ತವನ ಅಕ್ಕ, ಪಟ್ಟಣದಲ್ಲಿ ಔಷಧದಂಗಡಿ ನಡೆಸಿ ನಿವೃತ್ತಳಾದವಳು. ಯಾವುದಕ್ಕೂ ಒಂದು ಗುಳಿಗೆ ಇದ್ದೇ ಇರುತ್ತದೆಂದು ನಂಬಿದವಳು.

"ಒರೆಸ್ಬಾರದು ಅತ್ತಿಗೆ. ಒರೆಸಿದ್ರೆ ಹೊರಗಿಂದು ಹೋಗುತ್ತೆ, ಒಳಗಿಂದು ಅಲ್ಲೇ ಇರುತ್ತೆ."

"ಇದು ನಿನ್ನ ಮಾತಲ್ಲ. ಪಾಮ್ಫಿಲನ ಮಾತು."

"ಹೌದು. ಅವನದೇ."

ಪಾಮ್ಫಿಲ್ ಮುಂದಿನ ಕೋಣೆಯಲ್ಲಿ, ಒಲೆಯಿಲ್ಲದ ಚಳಿಯಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ. ತಲೆಯ ಕಡೆ ಮೇಣದಬತ್ತಿ, ಗೋಡೆಯ ಕನ್ನಡಿಗೆ ಮುಸುಕು. ಕಟ್ಟಿಕೊಂಡ ಕೈಗಳನ್ನು ನೋಡಿದರೆ ಸತ್ತ ಮೇಲೂ ಯಾವುದಕ್ಕೋ ಕಾಯುತ್ತಿರುವ ಹಾಗೆ ಕಾಣುತ್ತಿದ್ದ. ಬದುಕಿದ್ದಾಗಲೂ ಅವನ ಭಂಗಿ ಅದೇ ಇತ್ತು.

ಸ್ಮರಾಂದಾ ಗೋಧಿಯ ಪಾತ್ರೆಯನ್ನು ಹೊರಗೆ ಕಳಿಸಿದಳು. ಅದರ ಹಬೆ ಡೆಕ್ಕಿಗೆ ಆಗುವುದಿಲ್ಲ. ಮೇಜು ಅಲುಗಾಡುತ್ತದೆಯೇ ಎಂದು ಒತ್ತಿ ನೋಡಿ, ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕಿದಳು. ಡೆಕ್ಕಿನ ಹಿಂದೆ ಗಾಳಿ ಆಡಲು ಜಾಗ ಬಿಟ್ಟಳು. ತ್ರಯಾನ್ ಪ್ಲಮ್ ಸಾರಾಯಿಯ ಲೋಟವನ್ನು ಅದರ ಮೇಲಿಟ್ಟ; ತೆಗೆದು ಅವನ ಕೈಗೇ ಕೊಟ್ಟಳು. ಒಲಿಂಪಿಯಾ ಕೈಚೀಲ ಇಟ್ಟಳು, ಅದನ್ನೂ ತೆಗೆದಳು.

"ಇದರ ಮೇಲೆ ಏನೂ ಇಡ್ಬಾರದು. ಕರವಸ್ತ್ರ ಕೂಡ."

"ದೇವರ ಪೀಠಕ್ಕೂ ಇಷ್ಟು ಮಡಿ ಇಲ್ಲಮ್ಮಾ," ಎಂದ ತ್ರಯಾನ್. ಸತ್ತವನಿಗೆಂದು ಎರಡು ತೊಟ್ಟು ನೆಲಕ್ಕೆ ಹನಿಸಿ ಉಳಿದದ್ದನ್ನು ಕುಡಿದ.

ಇಷ್ಟೆಲ್ಲ ಏಕೆಂದರೆ, ಈ ಬೆಟ್ಟದ ಕಡೆ ದಾರಿಹಾಡು ಕೇಳಿಸದೆ ಯಾರನ್ನೂ ಹೊಸ್ತಿಲು ದಾಟಿಸುವುದಿಲ್ಲ. ಎಲ್ಲಿ ತಿರುಗಬೇಕು, ನಾಯಿ ಬೊಗಳಿದರೆ ಏನು ಮಾಡಬೇಕು, ಹೊಳೆ ಎಲ್ಲಿ, ದಾಟುವುದು ಹೇಗೆ, ಆಚೆ ದಡದಲ್ಲಿ ಯಾರು ಎದುರುಗೊಳ್ಳುತ್ತಾರೆ, ಎಲ್ಲವನ್ನೂ ಹೆಂಗಸರು ಹಾಡಿ ಹೇಳಬೇಕು. ಹಾಡು ಬಲ್ಲವರಲ್ಲಿ ಕೆಲವರು ಮಣ್ಣಾಗಿದ್ದರು, ಕೆಲವರು ಮುದುಕರ ಸೇವೆಗೆಂದು ಇಟಲಿಗೆ ಹೋಗಿದ್ದರು. ಊರಿನಲ್ಲಿ ಉಳಿದದ್ದು ಸ್ಮರಾಂದಾ ಒಬ್ಬಳೇ. ಆದರೆ ಅವಳು ಸತ್ತವನ ಹೆಂಡತಿ, ಹಾಡುವಂತಿರಲಿಲ್ಲ. ರಕ್ತಸಂಬಂಧಿ, ಹೆಂಡತಿ, ಸೊಸೆ ಯಾರೂ ತಮ್ಮವರಿಗೆ ದಾರಿ ಹೇಳಬಾರದು. ತಮ್ಮವರ ದನಿ ಕೇಳಿದರೆ ಹೋಗುವವನು ತಿರುಗಿ ನೋಡುತ್ತಾನೆ. ಅದಕ್ಕೇ ಹಳೆಯ ಟೇಪಿನಿಂದ ಹಾಡಿಸುವುದೆಂದು ಆಗಿತ್ತು.

"ಟೇಪಲ್ಲಿ ಇರೋದೂ ಇವಳ ಗಂಟಲೇ ತಾನೇ? ಅದು ಹೇಗೆ ನಡೆಯುತ್ತೆ?" ಎಂದು ತ್ರಯಾನ್ ಕೇಳಿದ.

ತೀರ್ಪು ಕೊಡಬೇಕಾದವಳು ಒಲೆಯ ಪಕ್ಕ ಕೂತಿದ್ದ ವೆತುರಿಯಜ್ಜಿ. ಹಾಡಿನ ಕಟ್ಟಳೆಗಳೆಲ್ಲ ಅವಳ ತಲೆಯಲ್ಲಿದ್ದವು, ರಾಗ ಮಾತ್ರ ಒಂದೂ ಇರಲಿಲ್ಲ. ಹರೆಯದಲ್ಲೇ ಅವಳ ಬಾಯಿ ಮುಚ್ಚಿಸಿ ಕೈಗೆ ಮೇಣದಬತ್ತಿ ಕೊಟ್ಟಿದ್ದರು.

"ಹಾಡಿದಾಗ ಮದ್ವೆ ಆಗಿತ್ತೇನೆ?" ಅಜ್ಜಿ ಕೇಳಿದಳು.

"ಇಲ್ಲ. ಅವನ ಹೆಸರೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಅದು ನಿನ್ನ ದನಿ ಅಲ್ಲ. ಯಾವುದೋ ಹುಡುಗಿದು. ನಡೆಯುತ್ತೆ." ಅಜ್ಜಿ ಬೆರಳೆತ್ತಿದಳು. "ಆದ್ರೆ ಪೂರ್ತಿ ಆಗ್ಬೇಕು. ಅರ್ಧಕ್ಕೆ ನಿಂತ್ರೆ ಅವನು ಅರ್ಧ ದಾರೀಲೇ ನಿಲ್ತಾನೆ, ತಿಳ್ಕೋ."

ಸ್ಮರಾಂದಾ ತಲೆಯಾಡಿಸಿದಳು. ಬೆಂಕಿಪೊಟ್ಟಣದಷ್ಟೇ ದೊಡ್ಡ ಕ್ಯಾಸೆಟ್ಟು ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಅದರಲ್ಲಿದ್ದ ಹಾಡು ಅರ್ಧ ಮಾತ್ರ ಎಂಬುದು ಗೊತ್ತಿದ್ದವರು ಇಬ್ಬರು. ಇನ್ನೊಬ್ಬ ಮುಂದಿನ ಕೋಣೆಯಲ್ಲಿ ಮಲಗಿದ್ದ.

*

ಪಾಮ್ಫಿಲ್ ಮೊದಲ ಸಲ ಈ ಊರಿಗೆ ಬಂದದ್ದು ಊರಿನ ಬಡಗಿ ಸತ್ತಾಗ. ಹೆಣವಿಲ್ಲದೆ ದಾರಿಹಾಡು ಹಾಡಿದರೆ ಹಾಡು ತಾನೇ ಒಬ್ಬರನ್ನು ಹುಡುಕಿಕೊಳ್ಳುತ್ತದೆಂದು ಹೆಂಗಸರು ಹಾಡುತ್ತಿರಲಿಲ್ಲ. ಆದ್ದರಿಂದ ಹಾಡು ಮುದ್ರಿಸಿಕೊಳ್ಳಬೇಕೆಂದಿದ್ದ ರಾಜಧಾನಿಯ ಸಂಗ್ರಹಾಲಯದವರು, ಯಾರಾದರೂ ಸತ್ತರೆ ಫೋನ್ ಮಾಡಿ ಎಂದು ಅಂಚೆಯವನಿಗೆ ಹೇಳಿಟ್ಟಿದ್ದರು. ಫೋನ್ ಹೋದ ದಿನ, ಬರಬೇಕಿದ್ದ ಪ್ರೊಫೆಸರಿಗೆ ನೆಗಡಿ. ಹೀಗಾಗಿ ವ್ಯಾನಿನಲ್ಲಿ ಇಳಿದವನು ಧ್ವನಿ ಹಿಡಿಯುವ ಪಾಮ್ಫಿಲ್ ಒಬ್ಬನೇ. ಕನ್ನಡಕ, ಉದ್ದ ಕುತ್ತಿಗೆ, ತೊಟ್ಟಿಲ ಮಗುವಿನಂತೆ ಎತ್ತಿಕೊಂಡ ಹೊಸ ಡಿಜಿಟಲ್ ಡೆಕ್ಕು.

ಸಾವಿನ ಮನೆಯ ಬಿಸಿಗೆ ಬಂದದ್ದೇ ಡೆಕ್ಕು ಬೆವರಿತು.

"ಒಂದು ಗಂಟೆ ಕಾಯ್ಬೇಕು," ಎಂದ ಪಾಮ್ಫಿಲ್. "ಒಳಗೆ ಒಂದು ಉರುಳೆ ಇದೆ, ಗಿರ್ರಂತ ತಿರುಗುತ್ತೆ. ಅದು ಒದ್ದೆ ಇದ್ರೆ ಟೇಪು ಅಂಟ್ಕೊಂಡು ಸುತ್ತಿಹೋಗುತ್ತೆ. ಕೂದಲಿಗಿಂತ ತೆಳು ಅದು."

ಪಾದ್ರಿ ಬಂದಾಗಿತ್ತು. ಚಳಿಗಾಲದ ಹಗಲು ಮುದುಡುತ್ತಿತ್ತು. ಹಾಡುವ ಹೆಂಗಸರ ಮುಂದೆ ನಿಂತಿದ್ದ ಹುಡುಗಿ ಸೊಂಟಕ್ಕೆ ಕೈಯಿಟ್ಟಳು.

"ಹೆಣ ಇಟ್ಕೊಂಡು ಮಷೀನಿಗೆ ಕಾಯ್ಬೇಕಾ? ಏನಾಗಿದೆ ಅದಕ್ಕೆ, ಶೀತಾನಾ? ಎದೆಗೆ ಸಾಸಿವೆ ಪಟ್ಟು ಹಾಕೋಣ್ವಾ?"

ಹೆಂಗಸರು ಮುಸುಕಿನೊಳಗೆ ಕಿಸಕ್ಕೆಂದರು. ಪಾಮ್ಫಿಲನ ಕಿವಿ ಕೆಂಪಾಯಿತು. ಬದುಕಿನಲ್ಲಿ ಯಾವುದಕ್ಕೂ ಅವಸರಪಡದ ಮನುಷ್ಯ ಅದೊಂದು ಸಲ ಅವಸರಪಟ್ಟ. ಮೇಲಿನ ತಗಡು ಒಣಗಿತ್ತು; ಸಾಕೆಂದುಕೊಂಡು ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದ.

ಹಾಡು ಮೂರು ದಾರಿ ಕೂಡುವಲ್ಲಿ ಸರಿಯಾಗಿ ತಿರುಗಿತು, ನಾಯಿಗೆ ರೊಟ್ಟಿ ಎಸೆಯಿತು, ಹೊಳೆಯ ದಡಕ್ಕೆ ಬಂತು. ಅಲ್ಲಿ ಡೆಕ್ಕಿನ ಮುಖದ ಮೇಲೆ ಒಳಗಿನ ತೇವ ತೋರಿಸುವ ದೀಪ ಹತ್ತಿ, ಅದು ತನ್ನಷ್ಟಕ್ಕೆ ನಿಂತುಬಿಟ್ಟಿತು. ಹೆಂಗಸರು ನಿಲ್ಲಲಿಲ್ಲ. ಬಡಗಿ ಹೊಳೆ ದಾಟಿದ. ಪಾಮ್ಫಿಲ್ ಈಚೆ ದಡದಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬಾಯಿ ತೆರೆದುಕೊಂಡು ಉಳಿದ.

ಹೂಳಿ ಬಂದ ಮೇಲೆ ಹುಡುಗಿ ಒಂದು ಬಟ್ಟಲು ಗೋಧಿ ತಂದಳು. ಅವನು ಡೆಕ್ಕಿನ ಮುಚ್ಚಳ ಬಿಚ್ಚಿ, ಸಿಕ್ಕಿಕೊಂಡ ಟೇಪನ್ನು ಉಸಿರು ಬಿಗಿಹಿಡಿದು ಬಿಡಿಸುತ್ತಿದ್ದ.

"ಸತ್ತೋಯ್ತಾ?"

"ಇಲ್ಲ. ನಂದೇ ತಪ್ಪು. ಕಾಯ್ಬೇಕಿತ್ತು."

"ಮತ್ತೆ ಯಾಕೆ ಕಾಯ್ಲಿಲ್ಲ?"

"ನೀವು ಬೈತಾ ಇದ್ರಿ."

ಸಾವಿನ ಮನೆಯಲ್ಲಿ ನಗಬಾರದೆಂದು ಅವಳು ಬಾಯಿಗೆ ಬಟ್ಟೆ ತುರುಕಿಕೊಂಡಳು.

ಉಳಿದರ್ಧ ಹಿಡಿಯಲೆಂದು ಅವನು ಮತ್ತೆಮತ್ತೆ ಬಂದ. ಹಟಕ್ಕೆ ಬಿದ್ದಂತೆ ಆ ಚಳಿಗಾಲ ಊರಿನಲ್ಲಿ ಒಬ್ಬರೂ ಸಾಯಲಿಲ್ಲ. ಅವನು ಬಸ್ಸಿಳಿದರೆ ಸಾಕು, "ಕಾಗೆ ಬಂತು, ಕೆಮ್ಮಬೇಡ್ರೋ!" ಎಂದು ಗಂಡಸರು ಕೂಗುತ್ತಿದ್ದರು. ಅವನು ಸ್ಮರಾಂದಾಳ ಅಂಗಳದ ಬೆಂಚಿನ ಮೇಲೆ ಕೂತಿರುತ್ತಿದ್ದ. ಏನು ಬೇಕೆಂದು ಅವಳ ತಂದೆ ಕೇಳಿದರೆ, "ಏನಿಲ್ಲ, ಕಾಯ್ತಾ ಇದೀನಿ," ಎನ್ನುತ್ತಿದ್ದ. ಕೊನೆಗೆ ಊರಿನಲ್ಲಿ ಒಬ್ಬರು ಸಾಯುವ ಹೊತ್ತಿಗೆ ಇವರ ಮದುವೆಯಾಗಿ, ಅವನು ಅಳಿಯನಾಗಿ ಇಲ್ಲೇ ಬಿಡಾರ ಹೂಡಿದ್ದ. ಆಮೇಲಿನ ಟೇಪುಗಳಲ್ಲಿ ಹಾಡು ಪೂರ್ತಿ ಇತ್ತು. ಅವೆಲ್ಲ ರಾಜಧಾನಿಯ ಕಪಾಟು ಸೇರಿದವು. ಅವುಗಳಲ್ಲಿ ಹಾಡಿದವಳು ಆಗಲೇ ಅವನ ಹೆಂಡತಿ. ಕೆಟ್ಟ ಮೊದಲ ಟೇಪನ್ನು ಮಾತ್ರ ಯಾರೂ ಬೇಕೆನ್ನಲಿಲ್ಲ. ಅದು ಮನೆಯಲ್ಲೇ ಉಳಿಯಿತು. ಸಂಗ್ರಹಾಲಯಕ್ಕೆ ಕಂಪ್ಯೂಟರು ಬಂದಾಗ ಡೆಕ್ಕೂ ಆ ಟೇಪಿನ ಹಿಂದೆಯೇ ಮನೆಗೆ ಬಂತು.

ಮತ್ತೆಂದೂ ಅವನು ಅವಸರಪಡಲಿಲ್ಲ. ಚಹಾ ಆರಲು ಕಾದ, ಬಣ್ಣ ಒಣಗಲು ಕಾದ, ಹೊರಟುಹೋದ ಬಸ್ಸಿಗೂ ಒಂದಷ್ಟು ಹೊತ್ತು ಕಾದ. ಹುಟ್ಟದ ಮಕ್ಕಳಿಗೆ ಇಬ್ಬರೂ ಕಾದರು. ಆಮೇಲೆ ಆ ಮಾತು ಬಿಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು ಬೇಗ ತರಬೇಕಿತ್ತು ಎಂದಾಗ, ಅವನು ತನ್ನದೇ ತಪ್ಪೆಂಬಂತೆ ಕನ್ನಡಕ ಒರೆಸಿಕೊಂಡಿದ್ದ.

*

ಫಾದರ್ ವಾಲೆರಿಯು ಬಂದಾಗ ತಗಡಿನ ಮೇಲೆ ಹನಿ ಇರಲಿಲ್ಲ. ಸ್ಮರಾಂದಾ ಪ್ಲಗ್ಗು ಹಾಕಿದ್ದಳು, ಕ್ಯಾಸೆಟ್ಟು ಹಾಕಿರಲಿಲ್ಲ. ತೇವದ ದೀಪ ಉರಿಯುತ್ತಿತ್ತು.

"ಇನ್ನೂ ಯಾಕಮ್ಮ ತಡ?" ಎಂದರು ಪಾದ್ರಿ. ಚಿಕ್ಕ ವಯಸ್ಸಿನವರು; ಇಂಥ ಹಾಡುಗಳನ್ನು ದೇವರು ಕೇಳಿಸಿಕೊಂಡೂ ಕೇಳಿಸಿಕೊಳ್ಳದಂತೆ ಇರುತ್ತಾನೆಂದು ಒಪ್ಪಿಕೊಂಡಿದ್ದರು. "ಇನ್ನೊಂದು ಊರಲ್ಲಿ ನಾಮಕರಣ ಇದೆ ನನಗೆ."

"ದೀಪ ಆರ್ಲಿ ಫಾದರ್."

"ನೋಡಿ ಫಾದರ್," ಒಲಿಂಪಿಯಾ ಸಿಡುಕಿದಳು, "ಚಿಕ್ಕಂದಿನಿಂದ ಇವನು ನನ್ನನ್ನ ಕಾಯಿಸಿದ್ದೇ ಬಂತು. ಶಾಲೆಗೆ ಹೋಗೋಕೆ ಷೂ ಲೇಸು ಕಟ್ಕೊಳ್ತಾ ಕೂತ್ಕೊಳ್ಳೋನು. ಈಗ ನೋಡಿ, ಸತ್ತೂ..." ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ತ್ರಯಾನ್ ಲೋಟ ತುಂಬಿಸಿ ಅವಳ ಕೈಗಿತ್ತ.

ದೀಪ ಆರಿತು. ಸ್ಮರಾಂದಾ ಇನ್ನೂ ಸ್ವಲ್ಪ ಕಾದಳು. ಆಮೇಲೆ ಸ್ಪೀಕರಿನ ಸದ್ದು ಪೂರ್ತಿ ಇಳಿಸಿದಳು, ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಅಳಿಸದಂತೆ ಕಾಯುವ ಪುಟ್ಟ ಕಿಂಡಿ ತೆರೆದಿದೆಯೇ ಎಂದು ನೋಡಿದಳು, ಒಳಗೆ ನೂಕದೆ ಡೆಕ್ಕು ತಾನೇ ಎಳೆದುಕೊಳ್ಳುವ ತನಕ ಬೆರಳಿಟ್ಟು ನಿಂತಳು. ಎರಡು ಕೋಣೆಗಳ ನಡುವಿನ ಬಾಗಿಲು ತೆರೆಸಿ, ಗುಂಡಿ ಒತ್ತಿ, ಸದ್ದನ್ನು ಇಷ್ಟಿಷ್ಟೇ ಏರಿಸಿದಳು.

ಮೊದಲು ಬಂದದ್ದು ಒಂದು ಎಳೆಯ ಗಂಡುದನಿ. "ಒಂದೇ ನಿಮಿಷ... ದಯವಿಟ್ಟು ಇನ್ನೊಂದೇ ನಿಮಿಷ..."

ಅದರ ಮೇಲೆ ಒಂದು ಹುಡುಗಿ: "ಒತ್ತಯ್ಯಾ ಅದೇನು ಒತ್ತಬೇಕೋ! ಕಾದು ಕಾದು ಪಾದ್ರಿ ಗಡ್ಡ ನೆರೀತಾ ಇದೆ."

ಮುಂದಿನ ಕೋಣೆಯಲ್ಲಿ ಯಾರೋ ನಕ್ಕು, ತಡೆದುಕೊಂಡರು. ಅಲ್ಲಿಗೆ ಹೋಗಿದ್ದ ಒಲಿಂಪಿಯಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

ಹಾಡು ಶುರುವಾಯಿತು. ಮಣ್ಣಾದ ಹೆಂಗಸರು, ಇಟಲಿಗೆ ಹೋದ ಹೆಂಗಸರು ಎಲ್ಲರೂ ಬಂದರು. ಅವರೆಲ್ಲರ ಮುಂದೆ ಆ ಹುಡುಗಿಯ ದನಿ, ಹಸಿ ಕಟ್ಟಿಗೆಯಂತೆ ಸಿಡಿಯುತ್ತ, ಯಾರೋ ಪರಕೀಯನಿಗೆ ದಾರಿ ಹೇಳುತ್ತ ನಡೆಯಿತು. ಸ್ಮರಾಂದಾ ಡೆಕ್ಕಿನ ಪಕ್ಕದಲ್ಲಿ, ಏಪ್ರನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತುಟಿ ಅಲುಗದಂತೆ ನಿಂತಿದ್ದಳು. ಮೂರು ದಾರಿ ಕೂಡುವ ಜಾಗ. ನಾಯಿ. ಹೊಳೆ.

ಕಟ್.

ಟೇಪು ಖಾಲಿಯಾಗಿ ಓಡಿತು. ಮೇಣದಬತ್ತಿ ಚಟಪಟ ಅಂದದ್ದು ಕೇಳಿಸಿತು.

"ಮುಗೀತಾ?" ಎಂದರು ಪಾದ್ರಿ.

"ಎಲ್ಲಿ ಮುಗೀತು!" ವೆತುರಿಯಜ್ಜಿ ಕೋಲೂರಿ ಎದ್ದಳು. "ಹೊಳೆ ದಾಟಿಸ್ಲೇ ಇಲ್ವಲ್ಲೇ! ಈಚೆ ದಡದಲ್ಲಿ ಬಿಟ್ಟುಬಿಟ್ಯಲ್ಲೇ ಅವನನ್ನ! ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ..."

ಸ್ಮರಾಂದಾ ಎಡಗೈಯಿಂದ ಬಲಗೈಯ ಮದುವೆಯುಂಗುರ ಹಿಡಿದು ತಿರುಗಿಸಿದಳು. ಬೆರಳ ಗಂಟು ದಾಟಲಿಲ್ಲ, ಎಂಜಲು ಹಚ್ಚಿ ಎಳೆದಳು. ಉಂಗುರವನ್ನು ಏನೂ ಇಡಬಾರದ ಆ ಕಪ್ಪು ತಗಡಿನ ಮೇಲೆ, ನಟ್ಟನಡುವೆ ಇಟ್ಟಳು. ಕರಿ ಮುಸುಕು ಬಿಚ್ಚಿ ಕುರ್ಚಿಗೆ ಹಾಕಿದಳು. ಹಿತ್ತಲ ಬಾಗಿಲಿಂದ ಹೊರಬಿದ್ದು, ಅಂಗಳ ಸುತ್ತಿ, ಗೇಟು ದಾಟಿ, ಅದನ್ನು ತನ್ನ ಹಿಂದೆ ಎಳೆದುಕೊಂಡು ರಸ್ತೆಯ ಹಿಮದಲ್ಲಿ ನಿಂತಳು. ಏಪ್ರನ್ನು ಹಾಕಿಕೊಂಡು, ಬರಿತಲೆಯಲ್ಲಿ, ಬೇರೆ ಯಾವುದೋ ಊರಿಗೆ ಹೊರಟವಳ ಹಾಗೆ.

ಒಳಗೆ ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ತಗಡಿನ ಮೇಲಿನ ಉಂಗುರ ನೋಡಿದಳು, ಕುರ್ಚಿಯ ಮೇಲಿನ ಮುಸುಕು ನೋಡಿದಳು. ಆಮೇಲೆ ಕೋಲು ಕುಟ್ಟುತ್ತ ಮುಂಬಾಗಿಲಿಗೆ ಹೋಗಿ, ಅದನ್ನು ತೆರೆದು, ಹೊಸ್ತಿಲ ಒಳಗೇ ನಿಂತು ಕೂಗಿದಳು.

"ಯಾರಮ್ಮಾ ಅದು ರಸ್ತೇಲಿ?"

"ದಾರಿಹೋಕಳು," ಎಂದು ರಸ್ತೆಯಿಂದ ಕೇಳಿಸಿತು.

"ನಮ್ಮನೇಲಿ ಸಾವಾಗಿದೆ ಕಣಮ್ಮಾ. ಹೊಳೆ ತನಕ ಬಂದು ನಿಂತಿದಾನೆ. ನಿನಗೆ ಮುಂದಿಂದು ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಹೇಳಿ ಹೋಗು. ಪುಣ್ಯ ಬರುತ್ತೆ ನಿನಗೆ."

ದನಿ ಈಗ ಹಸಿ ಕಟ್ಟಿಗೆಯಲ್ಲ. ಮೊದಲ ಸಾಲು ಎಲ್ಲೋ ಸಿಕ್ಕಿಕೊಂಡಿತು, ಬಿಡಿಸಿಕೊಂಡಿತು, ನೀರಿಗೆ ಕಾಲಿಟ್ಟಿತು. ಪಾದ್ರಿ ಟೋಪಿ ತೆಗೆದರು. ಅಷ್ಟು ಜನರ ಉಸಿರಿಗೆ ಮುಂದಿನ ಕೋಣೆಯ ಕಿಟಕಿ ಪೂರ್ತಿ ಮಂಜಾಗಿತ್ತು. ಅದರಾಚೆ ರಸ್ತೆಯಲ್ಲಿ ನಿಂತವಳು ಒಂದು ಕಪ್ಪು ಮಸುಕಷ್ಟೇ. ಅವಳನ್ನು ನೋಡಬೇಕೆಂದು ಒಲಿಂಪಿಯಾ ಕಿಟಕಿಯ ಬಳಿಗೆ ಹೋಗಿ, ಗಾಜು ಒರೆಸಲು ತೋಳು ಎತ್ತಿದಳು. ಎತ್ತಿದ ತೋಳನ್ನು ಹಾಗೇ ಇಳಿಸಿ, ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ಕೈಕಟ್ಟಿಕೊಂಡು ಕಾದಳು.