ಅಂಗೈ ತಡೆಯುವಷ್ಟು ಕಾವು

ಸೋಮವಾರ ಬೆಳಿಗ್ಗೆ ರಾಣಿ ಕತ್ತರಿ ಹಿಡಿದು ತೋರಿಸಬೇಕಿತ್ತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಯಂತ್ರ ಅವಳ ಬಲಗೈಯ ಎರಡು ಬೆರಳು ತಿಂದಿತ್ತು. ಯಂತ್ರವನ್ನು ಯಾರೂ ಪರೀಕ್ಷೆಗೆ ಕರೆಯಲಿಲ್ಲ, ರಾಣಿಯನ್ನು ಕರೆದರು. ದಾರ ಕತ್ತರಿಸಲು ಬಂದರೆ ಕೆಲಸ, ಇಲ್ಲದಿದ್ದರೆ ಮನೆ.

ಗಂಡ ನಂದೀಶ ಬೊಮ್ಮಸಂದ್ರದ ಶೆಡ್ಡೊಂದರಲ್ಲಿ ಅಚ್ಚು ಮಾಡುವವನು. ಭಾನುವಾರ ರಜೆ, ಶೆಡ್ಡು ಖಾಲಿ; ರಾಣಿಯನ್ನು ಅಲ್ಲಿಗೇ ಕರೆತಂದ. ಅವಳು ಸೆರಗಿನ ಮರೆಯಲ್ಲೇ ಹಿಡಿದು ಒತ್ತಿಕೊಟ್ಟ ಜೇಡಿಮಣ್ಣನ್ನು ಅವಳ ಕೈಗೆ ಒಪ್ಪುವಂಥ ಕತ್ತರಿಯ ಹಿಡಿಯಾಗಿ ತಿದ್ದಿ, ಅದರ ಮೇಲೆ ಕಾವಿದ್ದರೆ ಬೇಗ ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದ. ಅಚ್ಚು ಗಟ್ಟಿಯಾದರೆ ಒಳಗೆ ರಬ್ಬರು ಹೊಯ್ಯಬಹುದು. ಆದರೆ ಡಿಸೆಂಬರಿನ ಚಳಿ. ಮಧ್ಯಾಹ್ನವಾದರೂ ಎಪಾಕ್ಸಿ ಉಗುರಿಗೆ ಅಂಟುತ್ತಿತ್ತು.

ನಂದೀಶ ಬಿಸಿಗಾಳಿ ಊದುವ ಗನ್ ಎತ್ತಿಕೊಂಡ.

"ಬೇಡ ಕಣ್ರೀ, ಮೊನ್ನೆ ಹಂಗೇ ಊದಿ ಅಚ್ಚೆಲ್ಲ ಗುಳ್ಳೆ ಬಂತು ಅಂದ್ರಲ್ಲ," ಎಂದಳು ರಾಣಿ.

"ಮತ್ತೆ ನಾಳೆ ಏನ್ ತೋರಿಸ್ತೀಯ, ನನ್ನ ಮೂತೀನಾ?"

"ಅದನ್ನ ನೋಡಿದ್ರೆ ಇರೋ ಕೆಲಸಾನೂ ಓಯ್ತದೆ." ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಅವನ ತಾಯಿ ಭದ್ರಮ್ಮ. "ಬಾಣಂತಿಗೆ ಕಾವು ಕೊಡೋದು ಕಂಡಿಲ್ವೇನ್ಲಾ? ಸುಡ್ತಾರಾ ಅವಳನ್ನ? ಮಂಕರಿ ಬೋರಲಾಕು. ಅಂಗೈ ತಡೆಯೋವಷ್ಟು ಕಾವು ಸಾಕು."

ಅಚ್ಚಿನ ಮೇಲೆ ಬಿದಿರು ಬುಟ್ಟಿಯಂಥ ಮಂಕರಿ ಕವುಚಿ, ಒಳಗೊಂದು ಬಲ್ಬು ಇಳಿಬಿಟ್ಟು, ಮೇಲೆ ಕಂಬಳಿ ಹೊದಿಸಿದರು. ಕಾವು ನೋಡಲು ನಂದೀಶ ಕೈ ಹಾಕಿದ. ರಾಸಾಯನಿಕ ತಿಂದು ದಡ್ಡುಗಟ್ಟಿದ ಕೈ, ಏನೂ ತಿಳಿಯಲಿಲ್ಲ. ಭದ್ರಮ್ಮನ ಕೈ ಒಲೆಗೇ ಒಗ್ಗಿದ್ದು. ಇಬ್ಬರೂ ರಾಣಿಯನ್ನು ನೋಡಿದರು.

ಆಸ್ಪತ್ರೆಯಿಂದ ಬಂದಾಗಿನಿಂದ ಆ ಬಲಗೈ ಸೆರಗಿನೊಳಗೇ ಇತ್ತು. ಗಂಡನಿಗೂ ತೋರಿಸಿರಲಿಲ್ಲ. ಹೊಸ ಚರ್ಮ, ಗಾಳಿ ಸೋಕಿದರೂ ಗೊತ್ತಾಗುವಂಥದ್ದು. ರಾಣಿ ಸೆರಗು ಸರಿಸಿ, ಆ ಕೈಯನ್ನೇ ಮಂಕರಿಯೊಳಗೆ ಇಟ್ಟಳು.

"ಜಾಸ್ತಿ ಆಯ್ತು. ಬಲ್ಬು ಇನ್ನೊಂಚೂರು ಮೇಲಕ್ಕೆ... ಹಾಂ, ಈಗ ಸರಿ."

"ಹೂಂ ಮೇಡಂ," ಎಂದ ನಂದೀಶ. ಅವಳು ಹೊರಗೆ ತೆಗೆದ ಕೈಯನ್ನು ತನ್ನ ಒರಟು ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ.

"ಮುದ್ದೆ ಆರ್ತದೆ, ಕೈ ಆಮೇಲೆ ಇಡ್ಕೊಳ್ಳೋರಂತೆ," ಎಂದಳು ಭದ್ರಮ್ಮ.

ಸಂಜೆಯ ಹೊತ್ತಿಗೆ ಅಚ್ಚು ಕಲ್ಲಿನಂತೆ ಟಣ್ ಎಂದಿತು. ಮಣ್ಣು ಬಿಡಿಸಿ, ಕತ್ತರಿಯ ಹಿಡಿಯನ್ನು ಒಳಗಿಟ್ಟು ರಬ್ಬರು ಹೊಯ್ದು, ಅದನ್ನೂ ಮಂಕರಿಯೊಳಗೆ ಮಲಗಿಸಿದರು.

ಸೋಮವಾರ ರಾಣಿ ರಬ್ಬರು ಹಿಡಿಯ ಕತ್ತರಿಯಿಂದ ಕಚಕಚನೆ ದಾರ ಕತ್ತರಿಸಿದಳು. ಸೂಪರ್‌ವೈಸರ್ ಬಗ್ಗಿ ನೋಡಿದ.

"ಪರ್ವಾಗಿಲ್ವೇ! ಎಲ್ಲಿ ಮಾಡಿಸ್ದೆ ಇದನ್ನ? ನಮ್ಮಲ್ಲೇ ಹಿಂಗೆ ಬೆರಳು ಹೋದ ಇನ್ನೂ ಕೆಲವರಿಗೆ ಬೇಕಾಗ್ತದೆ."

ರಾಣಿಯ ಕತ್ತರಿ ನಿಂತಿತು.

"ಅಷ್ಟು ಜನ ಇದ್ದಾರಾ ಸಾರ್? ಹೆಸರು ಹೇಳಿ. ಭಾನುವಾರ ಎಲ್ರನ್ನೂ ಒಟ್ಟಿಗೇ ಕರೀತೀನಿ. ನಮ್ಮತ್ತೆ ಮುದ್ದೆ ಮಾಡ್ತಾರೆ, ಮಾತಾಡೋದೂ ಬೇಕಾದಷ್ಟಿದೆ."