ಅಳದ ಕೂಸು

"ಏ ತೂಕಡಿಕೆ! ಹೋಟೆಲ್ ಬೆಡ್‌ಶೀಟ್ ಸುಟ್ಟುಹಾಕಿದ್ಯಲ್ಲೇ ಲೌಡಿ! ಲೋಕದಲ್ಲಿ ನೀನೊಬ್ಳೇನಾ ಬಸುರಿ?"

ತೂಕಡಿಕೆ ಎಂಬುದು ಲಾಂಡ್ರಿಯ ಮೇಸ್ತ್ರಿ ಅವಳಿಗೆ ಇಟ್ಟ ಹೆಸರು. ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆ ಬೇಗೆಯಲ್ಲೂ ಚಳಿ, ಕುತ್ತಿಗೆಯಲ್ಲಿ ಬಾವು. ಥೈರಾಯ್ಡ್ ಇರಬಹುದು, ರಕ್ತ ಪರೀಕ್ಷೆ ಮಾಡಿಸು ಅಂದಿದ್ದಳು ಆಸ್ಪತ್ರೆಯ ನರ್ಸ್. ಅರ್ಧ ದಿನ ರಜ ಕೇಳಿದ್ದಕ್ಕೆ ಮೇಸ್ತ್ರಿ, "ರಕ್ತ ತಾನೆ? ಬಾ, ನಾನೇ ಹೀರ್ತೀನಿ," ಎಂದು ನಕ್ಕ. ಎಲ್ಲರೂ ನಕ್ಕರು. ಹೊಟ್ಟೆಪಾಡು, ಅವಳೂ ಹಲ್ಲು ಕಿರಿದಳು.

ಹೆಣ್ಣು ಕೂಸು ಹುಟ್ಟಿತು. ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ನೋಡಬೇಕು, ಇನ್ನೆರಡು ದಿನ ಇರು ಎಂದರು ಆಸ್ಪತ್ರೆಯವರು. ಕೆಲಸ ಹೋದೀತೆಂದು ಹೆದರಿ ಮರುದಿನವೇ ಕೂಸನ್ನು ಎತ್ತಿಕೊಂಡು ಲಾಂಡ್ರಿಗೆ ಬಂದುಬಿಟ್ಟಳು.

ಎಂಥ ಕೂಸು ಅದು! ಬಟ್ಟೆಬುಟ್ಟಿಯಲ್ಲಿ ಮಲಗಿಸಿದರೆ ಮಲಗಿಸಿದ ಹಾಗೇ. ಹಾಲು ಕುಡಿಸಬೇಕೆಂದರೂ ಎಬ್ಬಿಸಬೇಕು. ಪಕ್ಕದ ಮೇಜಿನವಳ ಮಗು ಅತ್ತದ್ದಕ್ಕೆ ಆ ಹೆಂಗಸನ್ನು ಕೆಲಸದಿಂದ ಓಡಿಸಿದ ದಿನ ಮೇಸ್ತ್ರಿ ಬುಟ್ಟಿಯತ್ತ ಕೈ ತೋರಿಸಿದ. "ನೋಡಿ ಕಲೀರೇ. ಹೆತ್ರೆ ಇಂಥದ್ದು ಹೆರಬೇಕು."

ಅವಳ ಎದೆ ಉಬ್ಬಿತು. ಓಡಿಸಿಕೊಂಡವಳ ಮುಖವನ್ನೂ ನೋಡಲಿಲ್ಲ.

ನಾಲ್ಕು ತಿಂಗಳಾದರೂ ಕೂಸಿನ ಕತ್ತು ನಿಲ್ಲಲಿಲ್ಲ, ನಾಲಿಗೆ ಹೊರಗೇ ಇರುತ್ತಿತ್ತು. ಕೊನೆಗೆ ಆಸ್ಪತ್ರೆಗೆ ಒಯ್ದಳು. ಡಾಕ್ಟರಮ್ಮ ಇಬ್ಬರ ರಕ್ತವನ್ನೂ ನೋಡಿಸಿದರು.

"ಇಬ್ಬರಿಗೂ ಥೈರಾಯ್ಡ್ ಕಮ್ಮಿ ಇದೆಯಮ್ಮ. ನೀನೂ ಮಾತ್ರೆ ತಗೋ. ಮಗುವಿನ ಮಾತ್ರೆ ಪುಡಿ ಮಾಡಿ ದಿನಾ ಎದೆಹಾಲಲ್ಲಿ ಕೊಡು. ಬೆಳೆಯುತ್ತೆ. ಆದ್ರೆ ಬುದ್ಧಿ... ಮೊದಲ ವಾರಗಳಲ್ಲೇ ಶುರು ಮಾಡಬೇಕಿತ್ತು."

"ಅಳೋದೇ ಇಲ್ಲ ಅಂತ ಖುಷಿಪಟ್ಟೆನಲ್ಲಮ್ಮಾ ನಾನು!"

ಡಾಕ್ಟರಮ್ಮ ಅವಳ ಭುಜ ಹಿಡಿದುಕೊಂಡರು.

ಮಾತ್ರೆ ಶುರುವಾಗಿ ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ, ಕೂಸು ಬುಟ್ಟಿಯೊಳಗಿಂದ ಕಿರುಚಿತು. ಹಸಿವಿನ ಅಳು, ಸೂರು ಕಿತ್ತುಹೋಗುವ ಹಾಗೆ.

"ಬಾಯಿ ಮುಚ್ಚಿಸೇ ಅದರದ್ದು! ಇಲ್ಲಾ ತಗೊಂಡು ಹೊರಗೆ ನಡಿ!"

ಅವಳು ಇಸ್ತ್ರಿಪೆಟ್ಟಿಗೆ ಆರಿಸಿದಳು. ಕೂಸನ್ನು ಎತ್ತಿ ತಂದು ಮೇಸ್ತ್ರಿಯ ಮೇಜಿನ ಮೇಲೆ, ಮಡಿಸಿಟ್ಟ ಹೋಟೆಲ್ ಬಟ್ಟೆಗಳ ಮೇಲೆ ಮಲಗಿಸಿದಳು. ಅವನನ್ನು ಸಾರ್ ಅನ್ನದೆ ಅವಳು ಮಾತಾಡಿದ್ದು ಅದೇ ಮೊದಲು.

"ಬೋಳಿಮಗನೇ, ನನ್ನ ಕೂಸಿನ ಬುದ್ಧಿ ತಿಂದೆ. ಅಳೂ ಬೇಕೇನೋ ನಿನಗೆ?"

ಒಬ್ಬೊಬ್ಬರಾಗಿ ಹೆಂಗಸರು ಕೈ ನಿಲ್ಲಿಸಿದರು. ಮೇಸ್ತ್ರಿ ಬಾಗಿಲತ್ತ ಬೆರಳು ಚಾಚಿದ. ಅವಳು ಕದಲಲಿಲ್ಲ. ಎದೆಯ ಹಾಲು ಸೋರಿ ರವಿಕೆ ಒದ್ದೆಯಾಯಿತು, ಕಣ್ಣೀರು ಗಲ್ಲಕ್ಕಿಳಿಯಿತು. ಆದರೂ ಅವಳು ಕೂಸನ್ನು ಎತ್ತಿಕೊಳ್ಳಲಿಲ್ಲ. ಇನ್ನೊಂದಿಷ್ಟು ಅಳಲಿ ಎಂದು ಕಾದು ನಿಂತಳು.