ಬಿಳಿಯ ಮೇಲೆ ಬಿಳಿ

ಆಕಾಶವೆಲ್ಲ ಒಂದೇ ಸಮನೆ ಮೋಡ ಕವಿದು ಬೆಳ್ಳಗೆ ಮಂಕಾದ ದಿನ, ಉಳಿದವರು ಒಣಹಾಕಿದ ಬಟ್ಟೆಗಳನ್ನು ಒಳಗೆ ತರುವ ಹೊತ್ತಿಗೆ, ನನ್ನ ಸೋದರಮಾವ ತಮ್ಮ ಫೋಟೋ ಸ್ಟುಡಿಯೋಗೆ ಬೀಗ ಜಡಿದು ಹೊರಟುಬಿಡುತ್ತಿದ್ದರು. ಗಿರಾಕಿ ಬಾಗಿಲಲ್ಲೇ ನಿಂತಿದ್ದರೂ ಸರಿ, ಬಿಸಿಲು ಬಂದ ಮೇಲೆ ಬನ್ನಿ ಎನ್ನುವುದೇ ಉತ್ತರ. ವರ್ಷವಿಡೀ ಗುರುತಿನ ಚೀಟಿಗೆ ಬೇಕಾದ ಮುಖಗಳನ್ನು ತೆಗೆದು ಸಂಸಾರ ಸಾಗಿಸುತ್ತಿದ್ದ ಆ ಮನುಷ್ಯನ ಜೀವವಿದ್ದದ್ದು ಬೆಳ್ಳಕ್ಕಿಗಳಲ್ಲಿ; ಅದೂ ಹಾರುವ ಬೆಳ್ಳಕ್ಕಿಗಳಲ್ಲಿ; ಅದೂ ಬಿಳಿಯ ಆಕಾಶದ ಮುಂದೆ ಮಾತ್ರ.

ಹಕ್ಕಿಗಳು ಸೇರುತ್ತಿದ್ದದ್ದು ಊರಾಚೆ, ಕೊಳಚೆ ನೀರು ಶುದ್ಧಮಾಡುವ ಹೊಂಡಗಳ ಬಳಿ. ಅಲ್ಲಿ ಗಂಟೆಗಟ್ಟಲೆ ಕೂತು ಬಂದವರ ಬೂದುಬಣ್ಣದ ಕೋಟಿನ ಪರಿಮಳ ಅವರಿಗಿಂತ ಮೊದಲೇ ಮನೆ ಸೇರುತ್ತಿತ್ತು. ಕೋಟು ಹೊರಗೆ, ನೀವು ಒಳಗೆ ಎಂದು ಅತ್ತೆ ಕದ ತೆರೆಯುವ ಮುಂಚೆಯೇ ತೀರ್ಪು ಕೊಡುತ್ತಿದ್ದರು. ಕತ್ತೆತ್ತಿ ನಡೆಯುವ ಚಾಳಿಯಿಂದಾಗಿ ಮಾವ ಮುಗ್ಗರಿಸದ ಗುಂಡಿ ನಮ್ಮ ಬೀದಿಯಲ್ಲಿರಲಿಲ್ಲ. ಮಾತಿಗೊಮ್ಮೆ 'ತಡಿ, ತಡಿ' ಎನ್ನುವುದು ಅವರ ಪಲ್ಲವಿ: ರೆಕ್ಕೆ ಬಿಚ್ಚುವ ಹಕ್ಕಿಗೂ ಅದೇ, ಕಣ್ಣು ಮಿಟುಕಿಸುವ ಗಿರಾಕಿಗೂ ಅದೇ, ಹೊರಟುನಿಂತ ಬಸ್ಸಿಗೂ ಅದೇ. ಹಕ್ಕಿಯಾಗಲಿ ಬಸ್ಸಾಗಲಿ ತಡೆದು ನಿಂತದ್ದನ್ನು ನಾನು ಕಾಣೆ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಎದುರಿಗೆ ಬಿಳಿ ಹೆಚ್ಚಾದರೆ ಕ್ಯಾಮೆರಾ ಬೆದರಿ, ತಾನಾಗಿಯೇ ಬೆಳಕನ್ನು ತಗ್ಗಿಸಿ, ಹಾಲಿನಂಥ ಹಕ್ಕಿಯನ್ನು ಬೂದಿಬಣ್ಣಕ್ಕೆ ಇಳಿಸಿಬಿಡುತ್ತದೆ ಎಂಬುದನ್ನು ಅವರು ತಮಗೇ ಆದ ಅನ್ಯಾಯವೆಂಬಂತೆ ಹೇಳಿದರು. ಆದ್ದರಿಂದ ಬೆಳಕನ್ನು ನಾವೇ ಹೆಚ್ಚಿಸಬೇಕು. ಕೈ ತುಸು ಮುಂದೆ ಹೋಯಿತೋ, ಗರಿಗಳೆಲ್ಲ ಕರಗಿ ಬರೀ ಕೊಕ್ಕು ಕಾಲುಗಳು ಆಕಾಶದಲ್ಲಿ ತೇಲುತ್ತವೆ. ಹಕ್ಕಿಯನ್ನು ಚೌಕಟ್ಟಿನ ಮೂಲೆಗೆ ಸರಿಸಿ, ಅದು ಮುಖಮಾಡಿದ ದಿಕ್ಕನ್ನೆಲ್ಲ ಬರಿದಾಗಿ ಬಿಡುವುದು ಅವರ ಹಟ. ಇಷ್ಟೊಂದು ಕಾಗದ ದಂಡವಲ್ಲವೇ ಎಂದು ಅತ್ತೆ ಛೇಡಿಸಿದರೆ, ಹಾರುವುದಕ್ಕೆ ಜಾಗ ಬೇಡವೇ ಎಂದು ನಿಜಕ್ಕೂ ಗಾಬರಿಯಾಗುತ್ತಿದ್ದರು. ನಾವೆಲ್ಲ ಮುಸಿಮುಸಿ ನಗುತ್ತಿದ್ದೆವು.

ಆ ಕಾಲಕ್ಕೆ ನನ್ನ ಅಕ್ಕನಿಗೆ ತೊನ್ನು ಕಾಣಿಸಿಕೊಂಡು ತುಟಿಯ ಸುತ್ತ, ಕಣ್ಣಿನ ಸುತ್ತ ಹರಡಿತ್ತು. ಕನ್ನಡಿಯ ಮುಂದೆ ನಿಲ್ಲುವುದನ್ನೇ ಅವಳು ಬಿಟ್ಟಿದ್ದಳು. ಹರಸಾಹಸಪಟ್ಟು ಗಿಟ್ಟಿಸಿದ ಶಾಲೆಯ ಕೆಲಸಕ್ಕೆ ಫೋಟೋ ಕೇಳಿದರು. ಅಂದು ಮೋಡ, ಮಾವನ ಅಂಗಡಿಗೆ ಬೀಗ. ಬೇರೊಂದು ಸ್ಟುಡಿಯೋದವರು ಮುಖದ ಬಿಳಿಯನ್ನೆಲ್ಲ ಅಳಿಸಿ, ಮೇಣದ ಗೊಂಬೆಯಂಥ ಯಾರನ್ನೋ ಮಾಡಿಕೊಟ್ಟರು. ಅದನ್ನು ನೋಡಿ ಅಕ್ಕ, ಇವಳನ್ನೇ ಕೆಲಸಕ್ಕೆ ಕಳಿಸಿ, ನಾನು ಹೋಗುವುದಿಲ್ಲ ಎಂದುಬಿಟ್ಟಳು. ಅಮ್ಮ ಗೋಗರೆದರೂ ಜಗ್ಗಲಿಲ್ಲ. ಸೋಮವಾರ ಹಾಜರಾಗದಿದ್ದರೆ ಕೆಲಸ ಕೈಬಿಟ್ಟಂತೆಯೇ.

ಸುದ್ದಿ ಕೇಳಿದ ಮಾವ ಸಮಾಧಾನವನ್ನೂ ಹೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಂದು ಗಳಿಗೆ ಅಂಗಡಿಗೆ ಬಂದು ಹೋಗು ಎಂದರು. ಅವರ ಮಾತು ಮೀರಲಾರದೆ ಅಕ್ಕ ಹೊರಟಳು, ಹಿಂದೆ ನಾನೂ. ನೀಲಿ ಪರದೆ ತೆಗೆದು ಬಿಳಿ ಬಟ್ಟೆ ಇಳಿಬಿಟ್ಟು, ದೀಪಗಳನ್ನೆಲ್ಲ ಆರಿಸಿ, ಅವಳನ್ನು ಕಿಟಕಿಯ ಪಕ್ಕ ಕೂರಿಸಿದರು. ಅಕ್ಕ ತಲೆಯೆತ್ತದೆ ಕೇಳಿದಳು:

"ಮಾವ, ಬಿಳಿ ತೆಗೆದುಬಿಡ್ತೀರಾ?"

"ಅದಕ್ಕೆ ಬೇರೆ ಅಂಗಡಿ ಇದೆ ಕಣಮ್ಮ," ಎಂದರು ಮಾವ, ಕ್ಯಾಮೆರಾದಿಂದ ಕಣ್ಣು ಕೀಳದೆ. "ನನಗೆ ಬರೋದು ಬಿಳಿ ಉಳಿಸೋದು ಒಂದೇ. ಕೂದಲು ಕಣ್ಣಿಗೆ ಬಿದ್ದಿದೆ ನೋಡು, ಹಿಂದಕ್ಕೆ ಹಾಕ್ಕೋ."

ಅಕ್ಕ ಕೂದಲು ಹಿಂದಕ್ಕೆ ಹಾಕಿಕೊಂಡಳು. ಎಷ್ಟೋ ದಿನಗಳ ಮೇಲೆ ನೆಟ್ಟಗೆ ನೋಡಿದಳು.

ಆ ಚಿತ್ರದಲ್ಲಿ ಬಿಳಿ ಬಿಳಿಯಾಗಿಯೇ ಇತ್ತು, ಕಂದು ಕಂದಾಗಿಯೇ ಇತ್ತು. ಎರಡೂ ಕೂಡುವ ಅಂಚಿನ ನವಿರಾದ ಛಾಯೆಗಳೂ ಒಂದೂ ಕಳೆದುಹೋಗದೆ ಉಳಿದಿದ್ದವು. ಬಹಳ ಹೊತ್ತು ಅದನ್ನು ಹಿಡಿದುಕೊಂಡಿದ್ದ ಅಕ್ಕ, ಅಮ್ಮನಿಗೆ ಕೊಡಲು ಇದರದೇ ದೊಡ್ಡದೊಂದು ಪ್ರತಿ ಬೇಕು ಎಂದಳು. ಮಾವನಿಗೆ ಮಾತ್ರ ಎಡಗೆನ್ನೆಗೆ ಬೆಳಕು ಒಂದು ಚೂರು ಸಾಲದಾಯಿತಲ್ಲಾ ಎಂಬ ಕೊರಗು. ಸೋಮವಾರ ಅಕ್ಕ ಕೆಲಸಕ್ಕೆ ಸೇರಿದಳು. ಇಂದಿಗೂ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ.

ಲೋಕಕ್ಕೆ ಬೇಡದ ಯಾವುದೋ ಒಂದರ ಹಿಂದೆ ಜೀವಮಾನವಿಡೀ ಅಲೆಯುವವರನ್ನು ಕಂಡರೆ ನಾವು ಹುಚ್ಚೆನ್ನುತ್ತೇವೆ, ಅವರ ಮನೆಯವರ ಪಾಡಿಗೆ ಮರುಗುತ್ತೇವೆ. ಆದರೆ ಒಂದನ್ನು ಅಷ್ಟು ಕಾಲ ಅಕ್ಕರೆಯಿಂದ ನೋಡಿದ ಕಣ್ಣು, ಮಿಕ್ಕದ್ದನ್ನು ಹೀನಾಯವಾಗಿ ನೋಡುವುದನ್ನೇ ಮರೆತಿರುತ್ತದೆ. ಅಂಥ ಕಣ್ಣಿಗೆ ಒಮ್ಮೆ ಬಿದ್ದವರು ಪುಣ್ಯವಂತರು. ನಮ್ಮ ಮನೆಯ ಮಟ್ಟಿಗೆ ಆ ಋಣ ತೀರುವಂಥದ್ದಲ್ಲ. ತೀರಲಿ ಎಂದು ನನಗೆಂದೂ ಅನ್ನಿಸಿಯೂ ಇಲ್ಲ.